ಸಿನಿಮಾ ಉಳಿಸಿದವರು, ಉಳಿಸಿದ್ದನ್ನು ತೋರಿಸಿದವರು: ಆನ್ರಿ ಲಾಂಗ್ಲ್ವಾ

ಸಿನಿಮಾ ಎಂದರೆ ಒಮ್ಮೆ ನೋಡಿ ಮರೆಯುವ ವಸ್ತು ಎಂದು ಜಗತ್ತೇ ನಂಬಿದ್ದ ಕಾಲವೊಂದಿತ್ತು. ಊರೂರು ಸುತ್ತಿ ಸವೆದ ರೀಲುಗಳಿಗೆ ಆಗ ಗುಜರಿಯೇ ಗತಿ. ಅಂಥ ಕಾಲದಲ್ಲಿ ಒಬ್ಬ ಯುವಕ ಈ ರೀಲುಗಳನ್ನು ಹುಡುಕಿ ಹುಡುಕಿ ಕೂಡಿಟ್ಟ. ಕೂಡಿಟ್ಟದ್ದನ್ನು ಬೀಗ ಹಾಕಿ ಇಡದೆ ದಿನವೂ ಜನರಿಗೆ ತೋರಿಸಿದ. ಆ ಪುಟ್ಟ ಸಭಾಂಗಣದ ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ಹುಡುಗರು ಮುಂದೆ ಜಗತ್ತಿನ ಚಿತ್ರರಂಗದ ದಿಕ್ಕನ್ನೇ ಬದಲಿಸಿದರು. ಆ ಯುವಕನೇ ಪ್ಯಾರಿಸ್ಸಿನ 'ಸಿನಿಮಾತೆಕ್ ಫ್ರಾನ್ಸೇಸ್' ಎಂಬ ಚಿತ್ರ ಭಂಡಾರದ ಸ್ಥಾಪಕ ಆನ್ರಿ ಲಾಂಗ್ಲ್ವಾ. ಇಂದು ಊರೂರುಗಳ ಫಿಲ್ಮ್ ಸೊಸೈಟಿಗಳಲ್ಲಿ ಹಳೆಯ ಚಿತ್ರ, ಹೊರದೇಶದ ಚಿತ್ರ ನೋಡಲು ಕುಳಿತುಕೊಳ್ಳುವ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಅವರಿಗೆ ಋಣಿಗಳು.

ಬೆಂಕಿಯಲ್ಲಿ ಕಳೆದ ಬಾಲ್ಯ

ಲಾಂಗ್ಲ್ವಾ ಹುಟ್ಟಿದ್ದು 1914ರ ನವೆಂಬರ್ 13ರಂದು, ಆಗಿನ ಆಟೊಮನ್ ಸಾಮ್ರಾಜ್ಯದ ಸ್ಮಿರ್ನಾ ಎಂಬ ಬಂದರು ನಗರದಲ್ಲಿ. ಈಗ ಅದು ಟರ್ಕಿಯ ಇಜ್ಮೀರ್. ಗ್ರೀಕರು, ಅರ್ಮೇನಿಯನ್ನರು, ತುರ್ಕರು, ಯಹೂದಿಗಳು, ಫ್ರೆಂಚರು ಒಟ್ಟಿಗೆ ಬಾಳುತ್ತಿದ್ದ ಊರು. 1922ರ ಸೆಪ್ಟೆಂಬರಿನಲ್ಲಿ ಯುದ್ಧದ ಕೊನೆಯಲ್ಲಿ ಆ ಊರಿಗೆ ಬೆಂಕಿ ಬಿತ್ತು. ಫ್ರೆಂಚ್ ಮೂಲದ ಲಾಂಗ್ಲ್ವಾ ಕುಟುಂಬ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡು ಪ್ಯಾರಿಸ್ ಸೇರಿತು. ಎಂಟು ತುಂಬದ ಬಾಲಕ ಕಣ್ಣೆದುರಿಗೇ ಒಂದು ನಗರ ಬೂದಿಯಾಗುವುದನ್ನು ಕಂಡ. ಮುಂದೆ ಯಾವ ವಸ್ತುವನ್ನೂ ಎಸೆಯಲಾಗದ ಸ್ವಭಾವ ಅವರಿಗೆ ಬಂದದ್ದು ಇಲ್ಲಿಂದಲೇ ಎಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ.

ಪ್ಯಾರಿಸ್ಸಿನಲ್ಲಿ ಹುಡುಗನಿಗೆ ಹಿಡಿದದ್ದು ಸಿನಿಮಾ ಹುಚ್ಚು. ಶಾಲೆ ತಪ್ಪಿಸಿ ಚಿತ್ರಮಂದಿರ ಸೇರುವುದೇ ರೂಢಿಯಾಯಿತು. ಕೊನೆಯ ಶಾಲಾ ಪರೀಕ್ಷೆಯಲ್ಲಿ ಫೇಲಾದದ್ದು ತಂದೆಗೆ ತೀರದ ನೋವು. ಮಗನನ್ನು ಒಂದು ಮುದ್ರಣಾಲಯದ ಕೆಲಸಕ್ಕೆ ಹಾಕಿದರು. ಅಲ್ಲಿ 1934ರಲ್ಲಿ ಪರಿಚಯವಾದವನು ಜಾರ್ಜ್ ಫ್ರಾಂಜು ಎಂಬ ಇನ್ನೊಬ್ಬ ಸಿನಿಮಾ ಹುಚ್ಚಿನ ತರುಣ. ಆತ ಮುಂದೆ ಸ್ವತಃ ಹೆಸರಾಂತ ನಿರ್ದೇಶಕನಾದ.

ಆಗಿನ ಸ್ಥಿತಿ ಏನಿತ್ತೆಂದು ತಿಳಿಯಬೇಕು. 1927ರ ಬಳಿಕ ಮಾತಿನ ಚಿತ್ರಗಳು ಬಂದವು. ಒಂದೆರಡು ವರ್ಷಗಳಲ್ಲೇ ಮೂಕಿ ಚಿತ್ರಗಳನ್ನು ಕೇಳುವವರಿಲ್ಲವಾಯಿತು. ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ರಾಸಾಯನಿಕದಿಂದ ಮಾಡಿದ್ದು. ಬೇಗ ಹೊತ್ತಿಕೊಳ್ಳುತ್ತದೆ, ಸರಿಯಾಗಿ ಇಡದಿದ್ದರೆ ಕೊಳೆತು ಪುಡಿಯಾಗುತ್ತದೆ. ಅದರ ಮೇಲಿನ ಲೇಪದಲ್ಲಿ ಬೆಳ್ಳಿಯ ಅಂಶ ಇರುತ್ತಿದ್ದುದರಿಂದ ಅದನ್ನು ತೆಗೆದುಕೊಳ್ಳಲೆಂದೇ ರೀಲುಗಳನ್ನು ಕರಗಿಸುತ್ತಿದ್ದರು. ತೆರೆಯ ಮೇಲೆ ಮಾಯಾಜಾಲ ತೋರಿಸಿದ ಜಾರ್ಜ್ ಮೇಲಿಯೆಸ್ ಅಂಥವರೇ ದಿವಾಳಿಯಾಗಿ, 1923ರಲ್ಲಿ ತಮ್ಮ ನೆಗೆಟಿವ್‌ಗಳಿಗೆ ತಾವೇ ಬೆಂಕಿ ಇಟ್ಟು, ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿ ಹೊಟ್ಟೆ ಹೊರೆದರು ಎಂದ ಮೇಲೆ ಉಳಿದವರ ಚಿತ್ರಗಳ ಪಾಡು ಹೇಳಬೇಕಾಗಿಲ್ಲ.

ಹತ್ತು ಚಿತ್ರಗಳ ಭಂಡಾರ

1935ರಲ್ಲಿ ಲಾಂಗ್ಲ್ವಾ ಮತ್ತು ಫ್ರಾಂಜು 'ಸಿನಿಮಾ ವೃತ್ತ' ಎಂಬ ಅರ್ಥದ ಹೆಸರಿನ ಕ್ಲಬ್ ಒಂದನ್ನು ಆರಂಭಿಸಿದರು. ಮೂಕಿ ಚಿತ್ರಗಳ ಪ್ರದರ್ಶನ, ಅಷ್ಟೇ. ಚಿತ್ರ ಮುಗಿದ ಮೇಲೆ ಭಾಷಣ, ಚರ್ಚೆ ಇರಕೂಡದೆಂಬುದು ಅವರ ನಿಯಮ. ಚಿತ್ರಗಳು ಬೇಕಾದಾಗ ಗುಜರಿ ಅಂಗಡಿಗಳಿಗೂ ಮುಚ್ಚಿಹೋದ ಕಂಪೆನಿಗಳಿಗೂ ಅಲೆದರು. ಕೊಂಡ ರೀಲುಗಳನ್ನು ಲಾಂಗ್ಲ್ವಾ ತಂದೆತಾಯಿಯ ಮನೆಯ ಸ್ನಾನದ ತೊಟ್ಟಿಯಲ್ಲಿ ತುಂಬಿಟ್ಟಿದ್ದರೆಂಬ ಕಥೆ ಇಂದಿಗೂ ಪ್ರಸಿದ್ಧ.

ಮರುವರ್ಷ, 1936ರ ಸೆಪ್ಟೆಂಬರಿನಲ್ಲಿ, ಸಿನಿಮಾತೆಕ್ ಫ್ರಾನ್ಸೇಸ್ ಹುಟ್ಟಿತು. ಚಿತ್ರ ಇತಿಹಾಸಕಾರ ಜಾನ್ ಮಿತ್ರಿ ಜೊತೆಗಿದ್ದರು. ಸಿನಿಮಾ ಪತ್ರಿಕೆಯೊಂದರ ಒಡೆಯ ಪಾಲ್-ಓಗಸ್ಟ್ ಆರ್ಲೆ ಮೊದಲ ಹಣ ಕೊಟ್ಟು ಅಧ್ಯಕ್ಷರಾದರು. ಭಂಡಾರದಲ್ಲಿ ಆಗ ಇದ್ದದ್ದು ಹತ್ತೇ ಚಿತ್ರಗಳು. ರೀಲುಗಳನ್ನು ಇಡಲು ಜಾಗ ಸಿಕ್ಕಿದ್ದು ಓರ್ಲಿಯಲ್ಲಿ, ಚಿತ್ರರಂಗದ ವೃದ್ಧರ ನಿವಾಸದ ಆವರಣದ ಪಾಳು ಕಟ್ಟಡದಲ್ಲಿ. ಅದೇ ನಿವಾಸದಲ್ಲಿ ಕೊನೆಗಾಲ ಕಳೆಯುತ್ತಿದ್ದ ಮೇಲಿಯೆಸ್ ಅವರ ಕೈಗೇ ಕೀಲಿಕೈ ಕೊಟ್ಟರು. ತನ್ನ ಚಿತ್ರಗಳನ್ನು ಸುಟ್ಟಿದ್ದ ವೃದ್ಧ ಕಲಾವಿದ ಇನ್ನೊಬ್ಬರ ಚಿತ್ರಗಳಿಗೆ ಕಾವಲುಗಾರನಾದ. 1938ರಲ್ಲಿ ಲಂಡನ್, ನ್ಯೂಯಾರ್ಕ್, ಬರ್ಲಿನ್ ಭಂಡಾರಗಳು ಮತ್ತು ಪ್ಯಾರಿಸ್ ಸೇರಿ ಅಂತರರಾಷ್ಟ್ರೀಯ ಚಿತ್ರ ಭಂಡಾರಗಳ ಒಕ್ಕೂಟ ರಚಿಸಿದಾಗ ಅದರ ಸ್ಥಾಪಕರಲ್ಲಿ ಲಾಂಗ್ಲ್ವಾ ಒಬ್ಬರು. ಆಗ ಅವರಿಗೆ ಇಪ್ಪತ್ತನಾಲ್ಕೂ ತುಂಬಿರಲಿಲ್ಲ.

ಎರಡು ವರ್ಷಗಳಲ್ಲಿ ಪ್ಯಾರಿಸ್ ನಾಜಿ ಸೈನ್ಯದ ವಶವಾಯಿತು. ನಿಷೇಧಿತ ಚಿತ್ರಗಳು ನಾಶವಾಗುವ ಭಯ. ಲಾಂಗ್ಲ್ವಾ ಮತ್ತು ಗೆಳೆಯರು ರೀಲಿನ ಡಬ್ಬಗಳನ್ನು ಮನೆಗಳ ನೆಲಮಾಳಿಗೆಗಳಿಗೂ ಹಳ್ಳಿಗಳ ಹಳೆಯ ಕೋಟೆಗಳಿಗೂ ಸಾಗಿಸಿದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ವಿಮರ್ಶಕಿ ಲೋಟೆ ಐಸ್ನರ್ ತಮ್ಮ ಜೀವವನ್ನೇ ಬಚ್ಚಿಟ್ಟುಕೊಳ್ಳಬೇಕಾಗಿದ್ದ ಹೊತ್ತಿನಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಕೋಟೆಯಲ್ಲಿ ಇಂಥ ಡಬ್ಬಗಳ ಮೇಲೆ ನಿಗಾ ಇಟ್ಟರು. ಯುದ್ಧ ಮುಗಿದ ಬಳಿಕ ಅವರು ದಶಕಗಳ ಕಾಲ ಸಿನಿಮಾತೆಕ್‌ನಲ್ಲೇ ದುಡಿದರು. ಬರ್ಲಿನ್ ಭಂಡಾರದ ಫ್ರಾಂಕ್ ಹೆನ್ಸೆಲ್ ಎಂಬ ಅಧಿಕಾರಿ ಸೈನ್ಯದ ಸಮವಸ್ತ್ರದಲ್ಲೇ ಪ್ಯಾರಿಸ್ಸಿಗೆ ಬಂದಿದ್ದ. ಒಕ್ಕೂಟದ ಹಳೆಯ ಪರಿಚಯದಿಂದ ಆತನೂ ಭಂಡಾರಕ್ಕೆ ನೆರಳಾದ ಎಂಬುದು ಗಮನಾರ್ಹ. ಮನುಷ್ಯರನ್ನು ಯುದ್ಧ ಬೇರೆ ಮಾಡಿತ್ತು, ಸಿನಿಮಾ ಪ್ರೀತಿ ಪೂರ್ತಿ ಬೇರೆ ಮಾಡಲು ಬಿಡಲಿಲ್ಲ.

ದಿನಕ್ಕೆ ಮೂರು ಚಿತ್ರ

1948ರಲ್ಲಿ ಪ್ಯಾರಿಸ್ಸಿನ ಮೆಸ್ಸಿನ್ ರಸ್ತೆಯಲ್ಲಿ ಸಿನಿಮಾತೆಕ್‌ನ ಪುಟ್ಟ ಚಿತ್ರಮಂದಿರ ತೆರೆಯಿತು. ಅರವತ್ತು ಆಸನಗಳೂ ಇದ್ದರೆ ಹೆಚ್ಚು. ಜಾಗ ಸಿಗದವರು ನೆಲದ ಮೇಲೆ ಕುಳಿತರು. ಸಂಜೆಯಿಂದ ರಾತ್ರಿಯವರೆಗೆ ಮೂರು ಚಿತ್ರಗಳು. ರಷ್ಯದ ಮೂಕಿ ಚಿತ್ರದ ಬೆನ್ನಿಗೇ ಹಾಲಿವುಡ್ಡಿನ ಹಾಸ್ಯ, ಅದರ ಬೆನ್ನಿಗೆ ಸ್ವೀಡನ್ನಿನದೋ ಜಪಾನಿನದೋ ಒಂದು ಚಿತ್ರ. ಮೂಕಿ ಚಿತ್ರಗಳಿಗೆ ವಾದ್ಯವಿಲ್ಲ. ಎಷ್ಟೋ ಪರಭಾಷಾ ಚಿತ್ರಗಳಿಗೆ ಅಡಿಬರಹವೂ ಇಲ್ಲ. ಕಣ್ಣಿನಿಂದಲೇ ಸಿನಿಮಾ ಓದುವುದನ್ನು ಅಲ್ಲಿಯ ಪ್ರೇಕ್ಷಕರು ಕಲಿತರು.

ಆ ಪ್ರೇಕ್ಷಕರಲ್ಲಿ ಹದಿಹರೆಯದ ಫ್ರಾಂಸ್ವಾ ತ್ರೂಫೋ ಇದ್ದ. ಜಾನ್-ಲುಕ್ ಗೊದಾರ್, ಜಾಕ್ ರಿವೆಟ್, ಎರಿಕ್ ರೋಮರ್, ಕ್ಲೋದ್ ಶಬ್ರೋಲ್ ಇದ್ದರು. ಯಾವ ಚಿತ್ರ ಶಾಲೆಯಲ್ಲೂ ಪದವಿ ಪಡೆಯದ ಈ ಹುಡುಗರಿಗೆ ಲಾಂಗ್ಲ್ವಾ ಅವರ ಮಂದಿರವೇ ವಿಶ್ವವಿದ್ಯಾಲಯವಾಯಿತು. 1950ರ ದಶಕದ ಕೊನೆಗೆ ಅವರೇ 'ಹೊಸ ಅಲೆ'ಯ ಚಿತ್ರಗಳನ್ನು ತಂದರು. ಆ ಅಲೆ ಮುಂದೆ ಭಾರತದ ತೀರವನ್ನೂ ಮುಟ್ಟಿತು. 1955ರಲ್ಲಿ ಪ್ರದರ್ಶನಗಳು ಉಲ್ಮ್ ರಸ್ತೆಯ ದೊಡ್ಡ ಸಭಾಂಗಣಕ್ಕೆ, 1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಬೆಂಬಲದಿಂದ ಶಾಯೋ ಅರಮನೆಗೆ ಬಂದವು. ಜಗತ್ತು ಮರೆತಿದ್ದ ಅಮೆರಿಕದ ನಟಿ ಲೂಯಿಸ್ ಬ್ರೂಕ್ಸ್ ಅವರನ್ನು 1950ರ ದಶಕದಲ್ಲಿ ಮತ್ತೆ ಬೆಳಕಿಗೆ ತಂದವರೂ ಲಾಂಗ್ಲ್ವಾ ಅವರೇ.

ಇಡುವುದೋ, ತೋರಿಸುವುದೋ?

ಆದರೆ ಅವರ ದಾರಿಯನ್ನು ಎಲ್ಲರೂ ಒಪ್ಪಲಿಲ್ಲ. ಲಂಡನ್ನಿನ ಚಿತ್ರ ಭಂಡಾರದ ಅರ್ನೆಸ್ಟ್ ಲಿಂಡ್‌ಗ್ರೆನ್ ಅವರದ್ದು ತದ್ವಿರುದ್ಧ ಮತ. ಚಿತ್ರವನ್ನು ತೆರೆಗೆ ಹಾಕಿದಷ್ಟೂ ಪ್ರತಿ ಸವೆಯುತ್ತದೆ, ಆದ್ದರಿಂದ ಒಂದೇ ಪ್ರತಿ ಇದ್ದರೆ ಅದನ್ನು ಮುಟ್ಟಕೂಡದು, ಇನ್ನೊಂದು ಪ್ರತಿ ತೆಗೆಯುವವರೆಗೂ ಮುಂದಿನ ತಲೆಮಾರಿಗಾಗಿ ಜೋಪಾನ ಮಾಡಬೇಕು ಎಂಬುದು ಅವರ ನಿಲುವು. ಯಾರೂ ನೋಡದ ಚಿತ್ರ ಸತ್ತಂತೆಯೇ ಎಂಬುದು ಲಾಂಗ್ಲ್ವಾ ಅವರ ನಿಲುವು. ಲಿಂಡ್‌ಗ್ರೆನ್ ಆಯ್ದು ಕೂಡಿಡುತ್ತಿದ್ದರು. ಲಾಂಗ್ಲ್ವಾ ಸಿಕ್ಕಿದ್ದನ್ನೆಲ್ಲ ಕೂಡಿಡುತ್ತಿದ್ದರು, ಯಾವುದು ಮುಂದೆ ಶ್ರೇಷ್ಠವೆನಿಸುತ್ತದೋ ಇಂದು ಯಾರಿಗೆ ಗೊತ್ತು ಎಂದು.

ಈ ಉದಾರತೆಗೆ ಬೆಲೆಯನ್ನೂ ತೆರಬೇಕಾಯಿತು. ಲಾಂಗ್ಲ್ವಾ ಲೆಕ್ಕಪತ್ರದ ಮನುಷ್ಯರಲ್ಲ. ಯಾವ ಡಬ್ಬ ಎಲ್ಲಿದೆ ಎಂಬುದು ಅವರ ತಲೆಯಲ್ಲಿತ್ತೇ ಹೊರತು ಪಟ್ಟಿಯಲ್ಲಿ ಇರಲಿಲ್ಲ. ಅದೆಷ್ಟೋ ರೀಲುಗಳು ತೇವದಲ್ಲಿ ಕೊಳೆತವು. 1959ರ ಜುಲೈ 10ರಂದು ಕೂರ್ಸೆಲ್ ರಸ್ತೆಯ ಅಂಗಳದಲ್ಲಿ ಬಿಸಿಲಿಗಿದ್ದ ನೈಟ್ರೇಟ್ ಫಿಲ್ಮುಗಳಿಗೆ ಬೆಂಕಿ ತಗುಲಿ ಎಷ್ಟೋ ಚಿತ್ರಗಳು ಮತ್ತೆ ಸಿಗದಂತೆ ಹೋದವು. ಅಷ್ಟರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದೊಡನೆಯೂ ಅವರ ಸಂಬಂಧ ಹಳಸಿತು.

ಬೀದಿಗಿಳಿದ ಪ್ರೇಕ್ಷಕರು

ಸಿನಿಮಾತೆಕ್‌ಗೆ ಹಣ ಕೊಡುತ್ತಿದ್ದ ಸರ್ಕಾರ ಪಟ್ಟಿ ಕೇಳಿತು, ಲೆಕ್ಕ ಕೇಳಿತು. ಕೇಳಿದ್ದು ನ್ಯಾಯವೇ. ಆದರೆ ಅದು ಹಿಡಿದ ದಾರಿ ಜನರಿಗೆ ನ್ಯಾಯವಾಗಿ ಕಾಣಲಿಲ್ಲ. 1968ರ ಫೆಬ್ರವರಿ 9ರಂದು ಆಡಳಿತ ಮಂಡಳಿಯ ಸಭೆಯಲ್ಲಿ ಲಾಂಗ್ಲ್ವಾ ಅವರನ್ನು ಕೆಳಗಿಳಿಸಿ ಪಿಯೆರ್ ಬಾರ್ಬಾಂ ಎಂಬುವರನ್ನು ನೇಮಿಸಲಾಯಿತು. ಒಂದು ಕಾಲದಲ್ಲಿ ಬೆಂಬಲಿಸಿದ್ದ ಮಾಲ್ರೋ ಅವರೇ ಆಗಲೂ ಸಚಿವರು.

ಮುಂದೆ ನಡೆದದ್ದನ್ನು ಸರ್ಕಾರ ಕನಸಿನಲ್ಲೂ ಎಣಿಸಿರಲಿಲ್ಲ. ಫೆಬ್ರವರಿ 14ರಂದು ಶಾಯೋ ಅರಮನೆಯೆದುರು ಸಾವಿರಾರು ಜನ ಸೇರಿದರು. ಪೊಲೀಸರು ಲಾಠಿ ಬೀಸಿದರು. ತ್ರೂಫೋ, ಗೊದಾರ್ ಕೂಡ ಏಟು ತಿಂದರು. ಚಾಪ್ಲಿನ್, ರೊಸ್ಸೆಲ್ಲಿನಿ, ಫ್ರಿಟ್ಜ್ ಲಾಂಗ್, ಡ್ರೈಯರ್ ಮುಂತಾದ ದಿಗ್ಗಜರಿಂದ ಪ್ರತಿಭಟನೆಯ ತಂತಿಗಳು ಬಂದವು. ಲಾಂಗ್ಲ್ವಾ ಇಲ್ಲದ ಸಿನಿಮಾತೆಕ್‌ನಲ್ಲಿ ತಮ್ಮ ಚಿತ್ರ ತೋರಿಸಕೂಡದೆಂದು ಒಬ್ಬೊಬ್ಬರಾಗಿ ನಿರ್ದೇಶಕರು ತಿಳಿಸಿದರು. ಚಿತ್ರಗಳೇ ಇಲ್ಲದ ಮೇಲೆ ಮಂದಿರ ಇದ್ದೇನು ಫಲ? ಏಪ್ರಿಲ್ 22ರಂದು ಲಾಂಗ್ಲ್ವಾ ಮರಳಿ ಬಂದರು. ಮರುತಿಂಗಳೇ ಫ್ರಾನ್ಸಿನ ವಿದ್ಯಾರ್ಥಿ ದಂಗೆ ಭುಗಿಲೆದ್ದಿತು. ಅದರ ಮುನ್ನುಡಿ ಸಿನಿಮಾ ನೋಡುವವರ ಈ ಹೋರಾಟವೇ ಎಂದು ಹಲವರ ಅಭಿಪ್ರಾಯ. ತ್ರೂಫೋ ಅದೇ ವರ್ಷ ತಮ್ಮ 'ಕದ್ದ ಮುತ್ತುಗಳು' ಚಿತ್ರವನ್ನು ಲಾಂಗ್ಲ್ವಾ ಅವರಿಗೆ ಅರ್ಪಿಸಿದರು. ಆ ಚಿತ್ರ ಆರಂಭವಾಗುವುದೇ ಮುಚ್ಚಿದ ಸಿನಿಮಾತೆಕ್ ಬಾಗಿಲಿನ ದೃಶ್ಯದಿಂದ.

ಗೆದ್ದರೂ ಕೈಯಲ್ಲಿ ಕಾಸಿಲ್ಲ. ಸರ್ಕಾರ ನೆರವನ್ನು ಕಡಿತ ಮಾಡಿ 1969ರಲ್ಲಿ ತನ್ನದೇ ಬೇರೆ ಚಿತ್ರ ಭಂಡಾರ ತೆರೆಯಿತು. ಲಾಂಗ್ಲ್ವಾ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಬಂದು ಪಾಠ ಹೇಳಿ ಹಣ ಹೊಂದಿಸಿದರು. 1972ರ ಜೂನ್‌ನಲ್ಲಿ ಅವರ ಬಹುದಿನದ ಕನಸಾದ ಸಿನಿಮಾ ವಸ್ತುಸಂಗ್ರಹಾಲಯ ಶಾಯೋದಲ್ಲಿ ತೆರೆಯಿತು. ಹಳೆಯ ಕ್ಯಾಮರಾ, ಉಡುಪು, ರಂಗಸಜ್ಜು, ಹಿಚ್‌ಕಾಕ್ ಅವರ 'ಸೈಕೊ' ಚಿತ್ರದ ಮುದುಕಿಯ ತಲೆ, ಎಲ್ಲವೂ ಅಲ್ಲಿದ್ದವು. 1974ರಲ್ಲಿ ಅಮೆರಿಕ ಗೌರವ ಆಸ್ಕರ್ ಪ್ರಶಸ್ತಿ ನೀಡಿತು. 1977ರ ಜನವರಿ 13ರಂದು, 62ನೆಯ ವಯಸ್ಸಿನಲ್ಲಿ, ಲಾಂಗ್ಲ್ವಾ ಪ್ಯಾರಿಸ್ಸಿನಲ್ಲಿ ನಿಧನರಾದರು. ಬಡವರಾಗಿಯೇ ಹೋದರು. ಮೊಂಪರ್ನಾಸ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ ಅವರು ಪ್ರೀತಿಸಿದ ಸಿನಿಮಾಗಳ ಚಿತ್ರಗಳನ್ನೇ ಜೋಡಿಸಲಾಗಿದೆ.

ನಮ್ಮ ಕಡೆಗೆ ಬಂದರೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ; ಲಾಂಗ್ಲ್ವಾ ಮತ್ತು ಫ್ರಾಂಜು ಭೇಟಿಯಾದ ವರ್ಷವೇ. ಅದರ ಚಿತ್ರೀಕರಣ ನಡೆದದ್ದು ಗಡಿಯಾಚೆಯ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ತೆರೆಯ ಮೇಲೆ ಹೇಗೆ ಮಾತಾಡಿದರೆಂದು ಇನ್ನು ಯಾವ ಕನ್ನಡಿಗನೂ ಕೇಳುವಂತಿಲ್ಲ. ನಮ್ಮ ನಾಡಿಗೆ ಅಂದು ಒಬ್ಬ ಲಾಂಗ್ಲ್ವಾ ಇರಲಿಲ್ಲ.

ಆಮೇಲೆ ಬಂದವರು ಕೇರಳ ಮೂಲದ ಪಿ.ಕೆ. ನಾಯರ್. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿ, ಫಾಲ್ಕೆ ಅವರ ಅಳಿದುಳಿದ ರೀಲುಗಳನ್ನು ಕಾಪಾಡಿದ ಅವರನ್ನು ಭಾರತದ ಲಾಂಗ್ಲ್ವಾ ಎಂದೇ ಕರೆಯುವುದುಂಟು. ನಾಯರ್ 2016ರಲ್ಲಿ ತೀರಿಕೊಂಡರು. ಅವರ ಭಂಡಾರದ ಡಬ್ಬಗಳು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿಗೂ ಹೋದವು. ಕೆ.ವಿ. ಸುಬ್ಬಣ್ಣನವರ ನೀನಾಸಂ ಬಳಗ 1973ರಲ್ಲಿ ಕಟ್ಟಿದ ಚಿತ್ರಸಮಾಜದ ಆಶ್ರಯದಲ್ಲಿ ಅಡಿಕೆ ತೋಟದ ಜನ ಇಟಲಿಯ 'ಬೈಸಿಕಲ್ ಥೀವ್ಸ್' ನೋಡಿ ಕಣ್ಣೊರೆಸಿಕೊಂಡರು. ಕೇರಳದಲ್ಲಿ 1965ರಲ್ಲಿ ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು ತಿರುವನಂತಪುರದಲ್ಲಿ ಆರಂಭಿಸಿದ ಚಿತ್ರಲೇಖಾ ಫಿಲ್ಮ್ ಸೊಸೈಟಿಯ ಹಿಂದೆ ಇದ್ದದ್ದೂ ಇದೇ ನಂಬಿಕೆ: ಒಳ್ಳೆಯ ಚಿತ್ರ ಎಲ್ಲಿಯದಾದರೂ ಎಲ್ಲರದೂ ಹೌದು.

ಸಿನಿಮಾತೆಕ್ ಇಂದಿಗೂ ಇದೆ. 2005ರಿಂದ ಪ್ಯಾರಿಸ್ಸಿನ ಬೆರ್ಸಿಯ ಹೊಸ ಕಟ್ಟಡದಲ್ಲಿ ಪ್ರದರ್ಶನಗಳು ನಡೆಯುತ್ತಿವೆ. ಪಟ್ಟಿ, ತಂಪು ಕೋಣೆ, ಡಿಜಿಟಲ್ ಪ್ರತಿ ಎಲ್ಲವೂ ಈಗ ಇವೆ. ಅಂದರೆ ಲಿಂಡ್‌ಗ್ರೆನ್ ಹೇಳಿದ್ದೂ ಸರಿಯೇ ಆಗಿತ್ತು. ಆದರೆ ಜೋಪಾನ ಮಾಡಲು ಮೊದಲು ಏನಾದರೂ ಉಳಿದಿರಬೇಕಲ್ಲ, ಉಳಿದದ್ದು ಬೇಕೆನ್ನುವ ಜನರೂ ಇರಬೇಕಲ್ಲ. ಆ ಎರಡನ್ನೂ ಮಾಡಿಕೊಟ್ಟವರು ಸ್ನಾನದ ತೊಟ್ಟಿಯಲ್ಲಿ ರೀಲು ತುಂಬಿಟ್ಟ ಈ ಮನುಷ್ಯ. ಹಳ್ಳಿಯ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಹಳೆಯ ಚಿತ್ರವೊಂದನ್ನು ತೋರಿಸುವವರು ಇಂದಿಗೂ ಅವರ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ.