ಆಡುಮಾತಿಗೆ ಕಾವಲು ನಿಂತ ಜೋರಾ

ಜೋರಾ ನೀಲ್ ಹರ್ಸ್ಟನ್ 1931ರಲ್ಲಿ ಬರೆದು ಮುಗಿಸಿದ ‘ಬರಾಕೂನ್’ ಪುಸ್ತಕವಾಗಿ ಹೊರಬಂದದ್ದು 2018ರಲ್ಲಿ. ಓದಿ ಮುಗಿಸಿದಾಗ, ಎಂಬತ್ತೇಳು ವರ್ಷಗಳ ಈ ವಿಳಂಬದ ಹಿಂದಿನ ಹಟವೇ ಅವರ ಬದುಕಿನ ಸಾರವೆಂದು ನನಗನ್ನಿಸಿತು.

1891ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಜೋರಾ ಬೆಳೆದದ್ದು ಫ್ಲಾರಿಡಾದ ಈಟನ್‌ವಿಲ್‌ನಲ್ಲಿ. ಕಪ್ಪು ಜನರೇ ಕಟ್ಟಿ, ತಾವೇ ಆಡಳಿತ ನಡೆಸಿದ ಊರದು. ಅಲ್ಲಿನ ಅಂಗಡಿಯ ಜಗಲಿಯಲ್ಲಿ ಕೇಳಿದ ಕತೆಗಳೇ ಅವರ ಮೊದಲ ಪಾಠ. ಮುಂದೆ ನ್ಯೂಯಾರ್ಕಿನಲ್ಲಿ ಫ್ರಾಂಜ್ ಬೋವಾಸ್ ಅವರ ಬಳಿ ಮಾನವಶಾಸ್ತ್ರ ಕಲಿತು, ಆ ವಿದ್ಯೆಯೊಡನೆ ದಕ್ಷಿಣದ ಊರುಗಳಿಗೇ ಮರಳಿ ಜನಪದ ಕತೆಗಳನ್ನು ಸಂಗ್ರಹಿಸಿದರು.

ಹಾಗೆ ಅವರು ಭೇಟಿಯಾದವರಲ್ಲಿ ಕೊಸ್ಸೊಲಾ ಎಂಬ ವೃದ್ಧರೊಬ್ಬರು. ಗುಲಾಮರ ಆಮದು ಕಾನೂನುಬಾಹಿರವಾಗಿ ಅರ್ಧ ಶತಮಾನ ಕಳೆದಿದ್ದರೂ, 1860ರಲ್ಲಿ ‘ಕ್ಲೋಟಿಲ್ಡಾ’ ಹಡಗಿನಲ್ಲಿ ಆಫ್ರಿಕಾದಿಂದ ತರಲ್ಪಟ್ಟವರು ಅವರು. ಜೋರಾ ಹಣ್ಣುಗಳನ್ನು ಒಯ್ದು ಅವರ ಜಗಲಿಯಲ್ಲಿ ಕೂರುತ್ತಿದ್ದರು. ಮಾತಾಡಲು ಮನಸ್ಸಿಲ್ಲದ ದಿನ ಒತ್ತಾಯಿಸದೆ ಹಿಂದಿರುಗುತ್ತಿದ್ದರು. ಕೇಳಿದ್ದನ್ನು ಕೊಸ್ಸೊಲಾರ ಆಡುಮಾತಿನಲ್ಲೇ ಬರೆದರು. ಪ್ರಕಾಶಕರು ಶಿಷ್ಟ ಇಂಗ್ಲಿಷಿಗೆ ತಿದ್ದಿಕೊಡಲು ಕೇಳಿದಾಗ ಒಪ್ಪಲಿಲ್ಲ. ಹಸ್ತಪ್ರತಿ ಮೂಲೆ ಸೇರಿತು.

1937ರ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ನಲ್ಲೂ ಪಾತ್ರಗಳು ಆಡುವುದು ಜನರ ಮಾತನ್ನೇ. ಅದರಲ್ಲಿ ಗಂಭೀರ ವಸ್ತುವಿಲ್ಲ, ಬಿಳಿಯ ಓದುಗರ ಮನರಂಜನೆಗೆ ಬರೆದದ್ದು ಎಂದು ಕಪ್ಪು ಲೇಖಕ ರಿಚರ್ಡ್ ರೈಟ್ ಟೀಕಿಸಿದರು. ಹಸಿ ಅನ್ಯಾಯದ ನಡುವೆ ಬರೆಯುತ್ತಿದ್ದ ರೈಟ್ ಅವರ ಅಸಹನೆ ನನಗೆ ಅರ್ಥವಾಗುತ್ತದೆ. ಆದರೆ ಒಂದು ಜನಾಂಗದ ನುಡಿಯನ್ನೇ ಒರಟೆಂದು ತಳ್ಳುವ ಸಮಾಜದಲ್ಲಿ, ಆ ನುಡಿಯ ನಗು, ಪ್ರೇಮ, ಜಾಣ್ಮೆಗಳನ್ನು ತಿದ್ದದೆ ಮುಂದಿಡುವುದೂ ಪ್ರತಿಭಟನೆಯೇ ಅಲ್ಲವೇ?

ಅದಕ್ಕೆ ಜೋರಾ ತೆತ್ತ ಬೆಲೆ ಸಣ್ಣದಲ್ಲ. ಕೊನೆಗಾಲದಲ್ಲಿ ಬಡತನ, ಅನಾರೋಗ್ಯ, ನಿರ್ಗತಿಕರ ಆಶ್ರಯಧಾಮ. 1960ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಪರಿಚಿತರು ಹಣ ಕೂಡಿಸಬೇಕಾಯಿತು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಸುಡಲು ಬೆಂಕಿಗೆ ಹಾಕಿದ್ದ ಅವರ ಕಾಗದಪತ್ರಗಳನ್ನು ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರು ಉಳಿಸಿದರು. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಆ ಸ್ಮಶಾನವನ್ನು ಹುಡುಕಿ ಹೋಗಿ ಕಲ್ಲು ನೆಡಿಸಿದರು. ಓದುಗರು ಜೋರಾರತ್ತ ಮತ್ತೆ ಹೊರಳಿದ್ದು ಅನಂತರ.

ಅಪರಾಧದ ಗುರುತು ಅಳಿಸಲೆಂದು ಕ್ಲೋಟಿಲ್ಡಾ ಹಡಗನ್ನೂ ಅದರ ಕಪ್ತಾನ ಸುಟ್ಟಿದ್ದ. ನದಿಯ ಕೆಸರಿನಲ್ಲಿ ಸಿಕ್ಕ ಅವಶೇಷ ಅದರದ್ದೇ ಎಂದು ದೃಢಪಟ್ಟದ್ದು 2019ರಲ್ಲಿ. ಜಗಲಿಯ ಮೇಲೆ ಕುಳಿತು ವೃದ್ಧರೊಬ್ಬರು ಹೇಳಿದ, ಯುವತಿಯೊಬ್ಬಳು ತಾಳ್ಮೆಯಿಂದ ಕೇಳಿದ ಕತೆ ಅಷ್ಟರಲ್ಲಾಗಲೇ ಸಾಕ್ಷಿ ನುಡಿದಿತ್ತು.