ಸುರಂಜನ್ ದಾಸ್: ರಸ್ತೆಗೆ ಹೆಸರಾದ ಪೈಲಟ್

ಬೆಂಗಳೂರಿನ ಹಳೆಯ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೊರಳುವ ಸುರಂಜನ್ ದಾಸ್ ರಸ್ತೆ, ಮಾರತ್‌ಹಳ್ಳಿ, ವೈಟ್‌ಫೀಲ್ಡ್‌ಗಳ ಐಟಿ ನೌಕರರಿಗೆ ವಾಹನ ದಟ್ಟಣೆಯ ಕಾರಣದಿಂದ ಚಿರಪರಿಚಿತ. ಹೆಸರು ಕೇಳಿ, ಯಾರೋ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಎಂದು ಭಾವಿಸುವವರೂ ಉಂಟು. ಅವರು ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವನ್ನು ಈ ರಸ್ತೆಯ ಸಮೀಪದ ರನ್‌ವೇಯಿಂದ ಮೊದಲ ಬಾರಿಗೆ ಆಕಾಶಕ್ಕೇರಿಸಿದವರು. ಎಂಟೂವರೆ ವರ್ಷಗಳ ಬಳಿಕ ಅದೇ ವಿಮಾನದ ಮಾರ್ಪಡಿಸಿದ ಮಾದರಿಯಲ್ಲಿ ಪ್ರಾಣ ತೆತ್ತವರು.

1920ರಲ್ಲಿ ಜನಿಸಿದ ದಾಸ್, ವಾಯುಪಡೆ ಸೇರಿದ ನಂತರ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದರು. ಪರೀಕ್ಷಾ ಹಾರಾಟದ ವಿದ್ಯೆ ಕಲಿತ ಭಾರತೀಯರು ಆಗ ಬೆರಳೆಣಿಕೆಯಷ್ಟು. ಬ್ರಿಟನ್ನಿನ ಪುಟ್ಟ ನ್ಯಾಟ್ ಯುದ್ಧವಿಮಾನ ಭಾರತಕ್ಕೆ ಬಂದ ಕಾಲದಲ್ಲಿ ಅದರ ಪರೀಕ್ಷೆಗಳಲ್ಲಿ ಅವರ ಪಾತ್ರವಿತ್ತು. ಮುಂದೆ ಅವರು ಬೆಂಗಳೂರಿನ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಆದರು.

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದಿಳಿದರು. ಎರಡು ಎಂಜಿನ್‌ಗಳನ್ನು ಅಕ್ಕಪಕ್ಕ ಹೊತ್ತು ಶಬ್ದದ ವೇಗವನ್ನು ಮೀರುವ ಎಚ್‌ಎಫ್-24 ಮಾರುತ್ ಅವರ ಕನಸು. 1959ರಲ್ಲಿ ಪೂರ್ಣಗಾತ್ರದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ಆಕಾರವನ್ನು ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ದಾಸ್ ಮೊದಲ ಮಾದರಿಯನ್ನು ಹಾರಿಸಿದರು. ವಾರ ಕಳೆದು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಎದುರು ಅಧಿಕೃತ ಪ್ರದರ್ಶನವೂ ನಡೆಯಿತು.

ದೇಹ ಸಿದ್ಧವಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಇರಲಿಲ್ಲ. ಟ್ಯಾಂಕ್ ನಂಬಿದ್ದು ಬ್ರಿಸ್ಟಲ್ ಸಂಸ್ಥೆಯ ಆರ್ಫಿಯಸ್ 12 ಎಂಜಿನ್ನನ್ನು. ಅದರ ಅಭಿವೃದ್ಧಿ ವೆಚ್ಚ ಭರಿಸಲು ಭಾರತ ಮುಂದಾಗಲಿಲ್ಲ, ಯೋಜನೆ ನಿಂತಿತು. ಕೊನೆಗೆ ಒದಗಿದ್ದು 4,850 ಪೌಂಡ್ ನೂಕುಬಲದ ಆರ್ಫಿಯಸ್ 703. ಅದು ನ್ಯಾಟ್‌ನ ಎಂಜಿನ್ ಕುಟುಂಬಕ್ಕೇ ಸೇರಿದ್ದು. ಮಾರುತ್‌ನ ಸೊಗಸಾದ ದೇಹಕ್ಕೆ ಅದು ಸಾಲದಾಯಿತು. ಈಜಿಪ್ಟ್‌ನಲ್ಲಿ ರೂಪುಗೊಳ್ಳುತ್ತಿದ್ದ ಇ-300 ಎಂಜಿನ್ನನ್ನು ಮಾರುತ್ ವಿಮಾನವೊಂದಕ್ಕೆ ಜೋಡಿಸಿ ನೋಡಿದ್ದೂ ಆಯಿತು, ಅದೂ ಕೈಗೂಡಲಿಲ್ಲ. ಉಳಿದದ್ದು ಇರುವ ಎಂಜಿನ್ನನ್ನೇ ತಿದ್ದುವ ದಾರಿ.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಆರ್ಫಿಯಸ್‌ಗೆ ರೀಹೀಟ್ ವ್ಯವಸ್ಥೆಯನ್ನು ರೂಪಿಸಿತು. ಟರ್ಬೈನ್ ದಾಟಿ ಹೊರಹೋಗುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸಿಂಪಡಿಸಿ ಉರಿಸುವ ವಿಧಾನವಿದು. ನೂಕುಬಲ 5,720 ಪೌಂಡ್‌ಗೆ, ಅಂದರೆ ಸುಮಾರು ಶೇ 18ರಷ್ಟು ಏರಿತು. ಆದರೆ ರೀಹೀಟ್ ಕೊಳವೆಗಳಿಗೆ ಜಾಗ ಮಾಡಲು ವಿಮಾನದ ಹಿಂಭಾಗವನ್ನೇ ಬದಲಿಸಬೇಕಾಯಿತು. ಬದಲಾದ ಆಕಾರ ಗಾಳಿಯ ಎಳೆತವನ್ನು ಹೆಚ್ಚಿಸಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದಂತಾಯಿತು. ಹಳೆಯ ದೇಹಕ್ಕೆ ಹೊಸ ಶಕ್ತಿ ತುಂಬಲು ಹೊರಟವರೆಲ್ಲರಿಗೂ ಎದುರಾಗುವ ತೊಡಕಿದು. ಲೆಕ್ಕದ ಹಾಳೆಯಲ್ಲಿ ಪೂರ್ತಿ ತಿಳಿಯದ್ದನ್ನು ಹಾರಿಸಿಯೇ ತಿಳಿಯಬೇಕು. ತಿಳಿಯುವ ಹೊಣೆ ದಾಸ್ ಅವರ ಪಾಲಿನದಾಗಿತ್ತು.

1970ರ ಜನವರಿ 10ರಂದು ರೀಹೀಟ್ ಅಳವಡಿಸಿದ ಮಾರುತ್ ಬೆಂಗಳೂರಿನಲ್ಲಿ ಪತನಗೊಂಡು ದಾಸ್ ಅಸುನೀಗಿದರು. ಐವತ್ತು ತುಂಬಲು ಕೆಲವೇ ವಾರಗಳಿದ್ದವು. ಅವಘಡಕ್ಕೆ ಎಂಜಿನ್ ಕಾರಣವಲ್ಲ, ಟೇಕಾಫ್ ವೇಳೆ ಕಾಕ್‌ಪಿಟ್‌ನ ಗಾಜಿನ ಮುಚ್ಚಳ ತೆರೆದುಕೊಂಡಿದ್ದೇ ಕಾರಣ ಎಂದು ವಿಮಾನ ಇತಿಹಾಸಕಾರರು ದಾಖಲಿಸಿದ್ದಾರೆ. ರೀಹೀಟ್ ಮಾದರಿ ಉತ್ಪಾದನೆಯ ಹಂತ ತಲುಪಲೇ ಇಲ್ಲ.

ರೀಹೀಟ್ ಇಲ್ಲದ ಮಾರುತ್‌ಗಳೇ ಮರುವರ್ಷ ಯುದ್ಧಕ್ಕೆ ಹೋದವು. ರಾಜಸ್ಥಾನದ ಗಡಿಯಲ್ಲಿ ದಾಳಿ ನಡೆಸಿದ ಅವುಗಳಲ್ಲಿ ಕೆಲವು, ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದವು. ಒಟ್ಟು 147 ಮಾರುತ್‌ಗಳು ತಯಾರಾಗಿ 1990ರಲ್ಲಿ ಸೇವೆಯಿಂದ ನಿವೃತ್ತವಾದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ಅಲ್ಲಿ ನಿಲ್ಲಿಸಿದ ಮಾರುತ್ ಎದುರು ಫೋಟೊ ತೆಗೆಸಿಕೊಂಡದ್ದುಂಟು.

ದಾಸ್ ಮೊದಲು ಹಾರಿಸಿದ ಇನ್ನೊಂದು ವಿಮಾನ ಕಿರಣ್ ತರಬೇತಿ ಜೆಟ್, 1964ರ ಸೆಪ್ಟೆಂಬರ್ 4ರಂದು. ಅದಕ್ಕಿದ್ದದ್ದು ವೈಪರ್ ಎಂಜಿನ್. ಅದನ್ನು ಕಳಚಿ ಆರ್ಫಿಯಸ್ ಕೂರಿಸಿದ ಕಿರಣ್ ಮಾರ್ಕ್-2, ದಾಸ್ ನಿಧನರಾಗಿ ಆರು ವರ್ಷಗಳಾದ ಮೇಲೆ, 1976ರ ಜುಲೈನಲ್ಲಿ ಮೊದಲ ಹಾರಾಟ ನಡೆಸಿತು. ಆ ಎಂಜಿನ್ ಬದಲಾವಣೆ ಸಫಲವಾಗಿ ಉತ್ಪಾದನೆಗೂ ಹೋಯಿತು. ವಾಯುಪಡೆಯ ಸೂರ್ಯಕಿರಣ್ ತಂಡ ಏರ್ ಶೋಗಳಲ್ಲಿ ವರ್ಷಗಟ್ಟಲೆ ಹಾರಿಸಿದ್ದು ಆ ವಿಮಾನವನ್ನೇ.