ಸ್ವಾಮಿ ರಮಾನಂದ ತೀರ್ಥರು (1903-1972): ಅಂಚೆಚೀಟಿಯ ಗೌರವಕ್ಕೆ ಪಾತ್ರರಾದ ನಾಗರಿಕ ಹಕ್ಕುಗಳ ನೇತಾರ

ಹೈದರಾಬಾದ್ ಸಂಸ್ಥಾನದ ಜನತೆಯ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಸ್ವಾಮಿ ರಮಾನಂದ ತೀರ್ಥರ ಸ್ಮರಣಾರ್ಥ ಭಾರತ ಸರ್ಕಾರದ ಅಂಚೆ ಇಲಾಖೆಯು 1999ರಲ್ಲಿ ಅಂಚೆಚೀಟಿಯನ್ನು ಹೊರತಂದಿದೆ. ನವಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹಾಗೂ ಕೊಪ್ಪಳ ಭಾಗಗಳು ಅಂದು ಇದೇ ಸಂಸ್ಥಾನಕ್ಕೆ ಸೇರಿದ್ದವು. ಆದ್ದರಿಂದ ಅವರ ಜೀವನ ಚರಿತ್ರೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ. ದಿನಾಂಕ 3-10-1903ರಂದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ವಿದ್ಯಾರ್ಥಿ ದೆಸೆಯಲ್ಲಿಯೇ ಅಸಹಕಾರ ಚಳವಳಿಯ ಪ್ರಭಾವಕ್ಕೆ ಒಳಗಾದರು. ಉನ್ನತ ಶಿಕ್ಷಣದ ನಂತರ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಂದಿಗೆ ಕೆಲಕಾಲ ಕಾರ್ಯನಿರ್ವಹಿಸಿ, ಬಳಿಕ ಸಂಸ್ಥಾನದ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ನಂತರ ಸನ್ಯಾಸ ಸ್ವೀಕರಿಸಿ ರಮಾನಂದ ತೀರ್ಥರೆನಿಸಿದರು. 1935ರಿಂದ ಅಂಬಾಜೋಗಾಯಿಯಲ್ಲಿ ಶಿಕ್ಷಣ ಕಾರ್ಯವನ್ನು ಮುಂದುವರಿಸಿದರು. ಕಾವಿ ಧರಿಸಿದ ಮೇಲೂ ಅವರು ಲೋಕವ್ಯವಹಾರದಿಂದ ದೂರ ಸರಿಯಲಿಲ್ಲ.

ನಾಗರಿಕ ಹಕ್ಕುಗಳ ಹೋರಾಟ

ನಿಜಾಮರ ಆಡಳಿತದಲ್ಲಿ ಸಾರ್ವಜನಿಕ ಸಭೆ ನಡೆಸಲು ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಗಿತ್ತು. ಆಡಳಿತ ಭಾಷೆ ಉರ್ದು ಆಗಿದ್ದು, ಕನ್ನಡ, ಮರಾಠಿ, ತೆಲುಗು ಮಾತನಾಡುವ ಬಹುಸಂಖ್ಯಾತ ಪ್ರಜೆಗಳು ತಮ್ಮ ಅಹವಾಲನ್ನು ಕಚೇರಿಗೆ ತಲುಪಿಸಲು ಉರ್ದು ಬಲ್ಲವರನ್ನು ಆಶ್ರಯಿಸಬೇಕಿತ್ತು.

ಇಂತಹ ಸಂದರ್ಭದಲ್ಲಿ, 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯ ಪ್ರಯತ್ನ ನಡೆಯಿತು. ಸಂಸ್ಥೆಯು ಕಾರ್ಯಾರಂಭ ಮಾಡುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧದ ವಿರುದ್ಧ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾದ ಸತ್ಯಾಗ್ರಹದಲ್ಲಿ ಸ್ವಾಮೀಜಿಯವರು ಪಾಲ್ಗೊಂಡು ಕಾರಾಗೃಹವಾಸ ಅನುಭವಿಸಿದರು. ಸಂಘ ಕಟ್ಟುವ ಹಕ್ಕಿಗಾಗಿ ಎಂಟು ವರ್ಷ ಕಾಯಬೇಕಾಯಿತು. 1946ರಲ್ಲಿ ನಿಷೇಧ ತೆರವಾಯಿತು.

1947ರಲ್ಲಿ ದೇಶ ಸ್ವತಂತ್ರವಾದರೂ ನಿಜಾಮರು ಭಾರತ ಒಕ್ಕೂಟವನ್ನು ಸೇರಲಿಲ್ಲ. ಸ್ವಾಮೀಜಿಯವರ ನೇತೃತ್ವದಲ್ಲಿ ಆಗಸ್ಟ್ 7ರಂದು ಒಕ್ಕೂಟ ಸೇರ್ಪಡೆ ದಿನವನ್ನು ಆಚರಿಸಲಾಯಿತು. ಆಗಸ್ಟ್ 15ರಂದು ರಾಷ್ಟ್ರಧ್ವಜ ಹಾರಿಸಿದ ಕಾರಣ ಅವರನ್ನು ಬಂಧಿಸಲಾಯಿತು. ಕೊಪ್ಪಳ ಭಾಗದ ಹೋರಾಟಗಾರರು ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದಲ್ಲಿ ಸಂಸ್ಥಾನದ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಸ್ಥಾಪಿಸಿ ಚಳವಳಿಯನ್ನು ಮುಂದುವರಿಸಿದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು.

ಲೋಕಸಭೆ ಮತ್ತು ರಾಜ್ಯ ಪುನರ್ವಿಂಗಡಣೆ

ಸ್ವಾಮೀಜಿಯವರು 1952ರಲ್ಲಿ ಗುಲ್ಬರ್ಗಾ ಹಾಗೂ 1957ರಲ್ಲಿ ಔರಂಗಾಬಾದ್ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಜನರ ಭಾಷೆಯಲ್ಲಿಯೇ ಆಡಳಿತ ನಡೆಯಬೇಕೆಂಬ ಅಭಿಪ್ರಾಯದಿಂದ, ತಾವು ಕಟ್ಟಿ ಬೆಳೆಸಿದ ಕಾರ್ಯಕ್ಷೇತ್ರವೇ ಮೂರು ಭಾಗವಾಗುವುದೆಂದು ತಿಳಿದಿದ್ದರೂ ಹೈದರಾಬಾದ್ ರಾಜ್ಯದ ಭಾಷಾವಾರು ವಿಭಜನೆಯನ್ನು ಬೆಂಬಲಿಸಿದರು. ದಿನಾಂಕ 1-11-1956ರಂದು ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಂದು ರಾಯಚೂರಿನ ಭಾಗವಾಗಿದ್ದ ಕೊಪ್ಪಳವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ದಿನಾಂಕ 22-1-1972ರಂದು ಸ್ವಾಮೀಜಿಯವರು ಹೈದರಾಬಾದಿನಲ್ಲಿ ನಿಧನರಾದರು. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನು ಇಡಲಾಗಿದೆ.

ಅಂಚೆಚೀಟಿಯ ಮಹತ್ವ

ನಿಜಾಮ್ ಸಂಸ್ಥಾನವು ತನ್ನದೇ ಆದ ಅಂಚೆ ಇಲಾಖೆಯನ್ನೂ ಅಂಚೆಚೀಟಿಗಳನ್ನೂ ಹೊಂದಿತ್ತು. ಈ ವ್ಯವಸ್ಥೆ 1950ರಲ್ಲಿ ಭಾರತೀಯ ಅಂಚೆಯಲ್ಲಿ ವಿಲೀನಗೊಂಡಿತು. ಯಾರ ಸಂಘಟನೆಯನ್ನು ಆ ಸಂಸ್ಥಾನ ನಿಷೇಧಿಸಿ, ಯಾರನ್ನು ಸೆರೆಯಲ್ಲಿಟ್ಟಿತ್ತೋ ಅವರದೇ ಭಾವಚಿತ್ರವುಳ್ಳ ಚೀಟಿಯು ಸ್ವತಂತ್ರ ಭಾರತದ ಅಂಚೆಯಲ್ಲಿ ಬಂದದ್ದು ಈ ಗೌರವದ ವಿಶೇಷವಾಗಿದೆ.

ಪ್ರತಿವರ್ಷ ಸೆಪ್ಟೆಂಬರ್ 17ರಂದು ಈ ಭಾಗದಲ್ಲಿ ವಿಮೋಚನಾ ದಿನವನ್ನು ಆಚರಿಸಲಾಗುತ್ತಿದ್ದು, 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವವೆಂಬ ಹೆಸರು ಪಡೆದಿದೆ. ಸಂವಿಧಾನದ 371(ಜೆ) ವಿಧಿಯನ್ವಯ ಶಿಕ್ಷಣ ಹಾಗೂ ಉದ್ಯೋಗದ ಮೀಸಲಾತಿಗಾಗಿ ಅರ್ಹತಾ ಪ್ರಮಾಣಪತ್ರ ಕೋರುವವರ ಪೈಕಿ ಅನೇಕರ ಹಿರಿಯರು ಅಂದಿನ ಆಡಳಿತವನ್ನು ಕಂಡವರು. ಇಂದು ನವಲಿಯ ನಿವಾಸಿಯು ಕನ್ನಡದಲ್ಲಿ ಅರ್ಜಿ ಬರೆದು, ಸ್ವೀಕೃತಿ ಪಡೆದು, ಉತ್ತರ ಕೇಳಬಹುದಾಗಿದೆ. ಈ ಹಕ್ಕಿನ ಹಿಂದೆ ಸ್ವಾಮೀಜಿಯವರಂತಹ ಅನೇಕರ ಸೆರೆವಾಸವಿದೆ ಎಂಬುದನ್ನು ಸ್ಮರಿಸುವುದು ಉಚಿತವಾಗಿದೆ.